ಇದ್ದಂಗ ಇರ್ಲಿ

ಮಗಳಿಗೆ ವರ ನೋಡಬೇಕೆಂದು ನೀವು ಅವಳನ್ನು ಗಂಗಾವತಿಯದೋ ಕುಷ್ಟಗಿಯದೋ ಒಂದು ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದೀರಿ ಎಂದುಕೊಳ್ಳೋಣ. ಫೋಟೊ ತೆಗೆದದ್ದಾಯಿತು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಕೇಳುತ್ತಾನೆ: "ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ?" ಮಗಳು ಪಕ್ಕದಲ್ಲೇ ನಿಂತಿದ್ದಾಳೆ. ನೀವು ಏನು ಹೇಳುವಿರಿ?

ಮುಖ ತಿದ್ದುವ ಕೆಲಸ ಹೊಸದೇನಲ್ಲ. ಫಿಲ್ಮಿನ ಕಾಲದಲ್ಲೂ ಸ್ಟುಡಿಯೊದವರು ಚೂಪಾದ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಕಲೆ, ಸುಕ್ಕುಗಳನ್ನು ಮರೆಸುತ್ತಿದ್ದರು. 1990ರಲ್ಲಿ ಫೋಟೊಶಾಪ್ ಬಂತು. ಈಗ ಎಷ್ಟೋ ಮೊಬೈಲುಗಳು ನಾವು ಹೇಳದಿದ್ದರೂ ಮುಖವನ್ನು ನುಣುಪು ಮಾಡುತ್ತವೆ.

ಹಾಗಾದರೆ ಅಲಂಕಾರವೇ ತಪ್ಪೆ? ಖಂಡಿತ ಅಲ್ಲ. ಹಬ್ಬಕ್ಕೆ ತಲೆ ಬಾಚಿ ಹೂ ಮುಡಿಯುವುದು ಸಂತೋಷದ ಗುರುತು. ಒಳ್ಳೆಯ ಬೆಳಕಿನಲ್ಲಿ ನಿಲ್ಲಿಸುವುದು ಫೋಟೊಗ್ರಾಫರನ ಕಸುಬು. ನಾಲ್ಕು ದಿನಕ್ಕೆ ಮಾಯುವ ಮೊಡವೆಯನ್ನು ಅಳಿಸಿದರೆ ಯಾರಿಗೂ ಮೋಸವಿಲ್ಲ. ಆದರೆ ಮೈಬಣ್ಣ ಮಾಯುವಂಥದ್ದಲ್ಲ; ಅದು ರೋಗವೇ ಅಲ್ಲ. ಅದನ್ನು ಬದಲಿಸಿದರೆ ಮಗಳ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿದಂತೆ.

"ಗಂಡಿನ ಕಡೆಯವರು ಬಣ್ಣವನ್ನೇ ಕೇಳುತ್ತಾರಲ್ಲ?" ಎನ್ನುವಿರಿ. ನಿಜ. ಸಂಬಂಧ ತಪ್ಪೀತೆಂಬ ನಿಮ್ಮ ಭಯ ಸಣ್ಣದಲ್ಲ. 1975ರಲ್ಲಿ ಪೇಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ಕೈಬಿಟ್ಟಿತು. ಅದೇ ವರ್ಷ ಶಾದಿ ಡಾಟ್ ಕಾಮ್, ಮೈಬಣ್ಣ ನೋಡಿ ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ವ್ಯಾಪಾರದವರೇ ಬಿಟ್ಟ ಮಾತನ್ನು ನಮ್ಮ ಮನೆಗಳು ಇನ್ನೂ ಬಿಟ್ಟಿಲ್ಲ.

ಬೀಗರಾಗುವವರಿಗೆ ಆದ ಮೋಸ, ಅವರು ಹೆಣ್ಣು ನೋಡಲು ಬಂದ ದಿನವೇ ಬಯಲಾಗುತ್ತದೆ. ಆದರೆ ಸ್ಟುಡಿಯೊದಲ್ಲಿ ನಿಮ್ಮ ಉತ್ತರ ಕೇಳಿಸಿಕೊಂಡ ಮಗಳು? "ನೀನು ಇದ್ದ ಹಾಗೆ ಸಾಲದು" ಎಂದು ಅವಳಿಗೆ ಹೇಳಿದವರು ಹೆತ್ತವರೇ ಆದರೆ, ಆ ಮಾತನ್ನು ಅವಳು ಎಲ್ಲಿ ಮರೆಯಬೇಕು?

ಗೋಡೆಯ ಮೇಲಿರುವ ಅಜ್ಜಿಯ ಫೋಟೊ ನೋಡಿ. ಯಲಬುರ್ಗಾದ ಎರೆಹೊಲದಲ್ಲಿ ಜೋಳ ಕೊಯ್ದ, ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡಿದ ಬಿಸಿಲೆಲ್ಲ ಅಂಥ ಮುಖಗಳಲ್ಲಿದೆ. ಆ ಕಪ್ಪು, ಆ ಸುಕ್ಕು ಅಳಿಸಿದರೆ ಅವಳು ನಮ್ಮ ಅಜ್ಜಿಯಾಗಿ ಉಳಿಯುವುದಿಲ್ಲ. ಅಜ್ಜಿಗೆ ಕೊಡುವ ಮರ್ಯಾದೆಯನ್ನು ಮೊಮ್ಮಗಳಿಗೂ ಕೊಡಬಾರದೇಕೆ?

ಆ ಹುಡುಗ ಇನ್ನೂ ಕಾಯುತ್ತಿದ್ದಾನೆ. ಮಗಳ ಮುಖವನ್ನೊಮ್ಮೆ ನೋಡಿ, ಅವಳಿಗೂ ಕೇಳುವಂತೆ ಹೇಳಿ: "ಬ್ಯಾಡಪ್ಪ, ಇದ್ದಂಗ ಇರ್ಲಿ."