ಓಟು ಮಾರಿದವರು ಯಾರು?

"ನೀವು ಐನೂರು ರೂಪಾಯಿಗೆ ಓಟು ಮಾರ್ಕೋತೀರಿ, ದೇಶ ಹಾಳಾಗಿರೋದೇ ಅದರಿಂದ" ಅಂದರು ನಮ್ಮೂರ ಟೀ ಅಂಗಡಿಯಲ್ಲಿ ಮೇಷ್ಟ್ರೊಬ್ಬರು. 'ನೀವು' ಅಂದರೆ ಯಾವ ಕೇರಿಯವರು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ನಮ್ಮ ವಂಶದಲ್ಲೇ ಮೊದಲ ಬಿ.ಎ. ಅದೂ ರಾಜ್ಯಶಾಸ್ತ್ರ. ಆದರೂ ಬಾಯಿಗೆ ಉತ್ತರ ಬರಲಿಲ್ಲ. ಹಿಂದಿನ ರಾತ್ರಿ ನಮ್ಮವ್ವ ಐನೂರರ ನೋಟನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಇದು 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಯ ಮಾತು.

ಆವತ್ತಿನಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಓಟಿಗೆ ದುಡ್ಡು ಇಸ್ಕೊಳ್ಳೋದು ಪಾಪವೆ? ಪಾಪವಾದರೆ ಯಾರ ಪಾಪ?

ಮೊದಲು ಲೆಕ್ಕ. ಐನೂರನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ 27 ಪೈಸೆ. ಒಂದು ಬೀಡಿಯೂ ಬರುವುದಿಲ್ಲ. ಇನ್ನು ದೊಡ್ಡವರ ಸಂತೆಗೆ ಬನ್ನಿ. 2019ರ ಜುಲೈನಲ್ಲಿ ಆಳುವ ಕಡೆಯ ಶಾಸಕರು ರಾಜೀನಾಮೆ ಬಿಸಾಕಿ ಮುಂಬೈ ಹೋಟೆಲು ಸೇರಿದರು, ಸರ್ಕಾರ ಬಿತ್ತು. ಸಭಾಧ್ಯಕ್ಷರು 17 ಜನರನ್ನು ಅನರ್ಹರು ಅಂದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಮತ್ತೆ ನಿಂತ 13 ಅನರ್ಹರಲ್ಲಿ 11 ಜನ ಗೆದ್ದರು. ಅವರಲ್ಲಿ 10 ಜನ ಮುಂದಿನ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಪಕ್ಷಾಂತರದ ಬೇಲಿ ಹಾಕಿದ್ದು 1985ರಲ್ಲಿ. ಇವರು ರಾಜೀನಾಮೆ ಎಂಬ ಕಂಡಿಯಲ್ಲಿ ನುಸುಳಿದರು. ದುಡ್ಡು ಕೈಬದಲಾಯಿತೋ ಇಲ್ಲವೋ ನಾನು ಕಂಡವನಲ್ಲ. ಜನ ಒಂದು ಪಕ್ಷಕ್ಕೆ ಅಂತ ಹಾಕಿದ ಓಟು, ಜನವನ್ನು ಒಂದು ಮಾತೂ ಕೇಳದೆ, ಇನ್ನೊಂದು ಪಕ್ಷದ ಹಟ್ಟಿಗೆ ಹೋಗಿ ಕಟ್ಟಿಹಾಕಿಸಿಕೊಂಡಿದ್ದಂತೂ ನಿಜ.

ಕಂಪನಿಗಳ ಕತೆ ಬೇರೆ. 2018ರಿಂದ ಚುನಾವಣಾ ಬಾಂಡು ಅಂತ ಒಂದಿತ್ತು. ಯಾರು ಯಾವ ಪಕ್ಷಕ್ಕೆ ಎಷ್ಟು ಕೋಟಿ ಕೊಟ್ಟರು ಅಂತ ಓಟುದಾರನಿಗೆ ಹೇಳಬೇಕಾಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅಷ್ಟೂ ವರ್ಷ ಆ ಕೋಟಿಗಳಿಗೆ ಕಾನೂನಿನ ಕೊಡೆ ಇತ್ತು. ನಮ್ಮವ್ವನ ಐನೂರಕ್ಕೆ ಮಾತ್ರ ಟೀ ಅಂಗಡಿಯಲ್ಲಿ ನ್ಯಾಯಪಂಚಾಯ್ತಿ!

ಆದರೆ ಗೆಳೆಯರೇ, ದೊಡ್ಡವರ ಪಾಪ ತೋರಿಸಿ ನಮ್ಮದನ್ನು ತೊಳೆದುಕೊಳ್ಳುವುದು ಸುಲಭದ ದಾರಿ. ನಾನು ಅವ್ವನ್ನೇ ಕೇಳಿದೆ. "ಇಬ್ರೂ ಕೊಟ್ರು, ಇಬ್ರತ್ರಾನೂ ಇಸ್ಕಂಡೆ ಕಣ್ ಮಗ. ದುಡ್ಡು ಅವರ್ದು, ಬೆಳ್ಳು ನಂದು" ಅಂದಳು. ನನಗೆ ಖುಷಿಯಾಯಿತು, ಕವಿತೆ ಬರೆಯೋಣ ಅನ್ನಿಸಿತು. ಆಮೇಲೆ ಮಳೆಗಾಲ ಬಂತು. ಕೇರಿಯ ಚರಂಡಿ ಕಟ್ಟಿಕೊಂಡು ಮನೆಯೊಳಕ್ಕೇ ನೀರು ನುಗ್ಗಿತು. ಓಟಿನ ರಾತ್ರಿ ನೋಟು ಹಂಚಿದ್ದ ಮರಿಪುಢಾರಿಯ ಹತ್ತಿರ ಹೆಂಗಸರೆಲ್ಲ ಹೋದರು. "ಅವತ್ತು ಇಸ್ಕಂಡ್ರಲ್ಲ, ಲೆಕ್ಕ ಚುಕ್ತಾ ಆಯ್ತಲ್ಲ" ಅಂದ ಅವನು. ಅವ್ವ ತಲೆ ತಗ್ಗಿಸಿಕೊಂಡು ಬಂದಳು. ಅವಳ ಬೆರಳನ್ನು ಯಾರೂ ಕೊಂಡಿರಲಿಲ್ಲ, ನಿಜ. ಬಾಯನ್ನು ಕೊಂಡಿದ್ದರು. ಕೇಳುವ ಬಾಯಿ ಐನೂರಕ್ಕೆ ಹೋಗಿತ್ತು.

ಈಗ ಓದಿದವರೆಲ್ಲ 'ಭ್ರಮನಿರಸನ' ಅನ್ನುತ್ತಾರೆ. ರಾಜಕಾರಣ ಕೆಟ್ಟಿತು, ಪ್ರಜಾಪ್ರಭುತ್ವ ಸತ್ತಿತು, ಒಬ್ಬ ಗಟ್ಟಿಗ ಬಂದು ಚಾಟಿ ಹಿಡಿಯಬೇಕು. ಸ್ವಾಮಿ, ಭ್ರಮೆ ಇದ್ದವರಿಗೆ ತಾನೆ ನಿರಸನ? ನಮ್ಮ ಬೆನ್ನಿಗೆ ಚಾಟಿ ಹಳೇ ಪರಿಚಯ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಕೊಟ್ಟ ಎಚ್ಚರಿಕೆಗಳಲ್ಲಿ ಎರಡು ಇದಕ್ಕೇ ಸೇರಿದವು. ಓಟಿನಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ. ಈ ವಿರೋಧ ಬೇಗ ಹೋಗದಿದ್ದರೆ ನೊಂದವರೇ ಈ ಕಟ್ಟಡವನ್ನು ಸಿಡಿಸುತ್ತಾರೆ ಅನ್ನುವುದು ಒಂದು. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅನ್ನುವುದು ಇನ್ನೊಂದು. ಅವರನ್ನೇ ಈ ದೇಶ 1952ರಲ್ಲಿ ಮುಂಬೈಯಲ್ಲೂ 1954ರಲ್ಲಿ ಭಂಡಾರದಲ್ಲೂ ಸೋಲಿಸಿತು. ಈ ಸಂವಿಧಾನವನ್ನು ಸುಡಲು ನಾನೇ ಮೊದಲಿಗ ಅಂತ 1953ರಲ್ಲಿ ರಾಜ್ಯಸಭೆಯಲ್ಲಿ ಸಿಟ್ಟಿನಲ್ಲಿ ಅಂದದ್ದೂ ಅವರೇ. ಯಾಕೆ ಹಾಗಂದಿರಿ ಅಂತ 1955ರಲ್ಲಿ ಕೇಳಿದಾಗ ದೇವರಿಗೆ ಕಟ್ಟಿದ ಗುಡಿಯಲ್ಲಿ ದೆವ್ವಗಳು ಬಂದು ಕೂತವು ಅನ್ನುವ ಅರ್ಥದಲ್ಲಿ ಮಾತಾಡಿದರು. ಹೀಗೆ ರೋಸಿಹೋಗಿಯೂ ಅವರು ಓಟಿಗೆ ನಿಲ್ಲುವುದನ್ನು ಬಿಟ್ಟವರಲ್ಲ. ನನ್ನಂಥವನ ರೋಸು ಹತ್ತು ನಿಮಿಷದ್ದು, ಟೀ ಮುಗಿಯೋ ತನಕ.

ನಮ್ಮವರ ವಿಷಯವನ್ನೂ ಮುಚ್ಚಿಡಬಾರದು. ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಗೆದ್ದವನು ನಮ್ಮವನೇ, ಗೆಲ್ಲಿಸುವ ಓಟು ಬಹುಪಾಲು ಊರಿನದು. 1932ರ ಪೂನಾ ಒಪ್ಪಂದದಲ್ಲಿ ಪ್ರತ್ಯೇಕ ಮತ ಕೈಬಿಟ್ಟು ಜಂಟಿ ಮತಕ್ಕೆ ಒಪ್ಪಬೇಕಾಗಿ ಬಂದಾಗಲೇ ಇದರ ಬೀಜ ಬಿತ್ತು. ಊರಿಗೆ ಕಹಿಯಾಗುವ ಮಾತಾಡಿದವನಿಗೆ ಟಿಕೀಟಿಲ್ಲ. ಹಾಗಾಗಿ ನಮ್ಮ ಶಾಸಕ ಜಯಂತಿಯ ದಿನ ನೀಲಿ ಶಾಲು ಹೊದ್ದು ಬರುತ್ತಾನೆ, ಕೇರಿಗೆ ಬೆಂಕಿ ಬಿದ್ದ ದಿನ ಫೋನಿಗೆ ಸಿಗುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ನಾನು 2024ರ ಲೋಕಸಭೆ ಚುನಾವಣೆಯ ದಿನ ಏನು ಮಾಡಿದೆ ಗೊತ್ತೆ? ಮನೆಯಲ್ಲಿ ಮಲಗಿದ್ದೆ. ಎಲ್ಲರೂ ಕಳ್ಳರೇ ಅಂತ. ಯಾರೂ ಬೇಡ ಅನ್ನುವ ಗುಂಡಿಯೂ 2013ರಿಂದ ಇದೆ, ಅದನ್ನು ಒತ್ತಲಿಕ್ಕಾದರೂ ಎದ್ದು ಹೋಗಬೇಕಿತ್ತು. ಅವ್ವ ಮಸಿಯ ಬೆರಳು ತೋರಿಸಿಕೊಂಡು ಬಂದಳು. ಆ ಮಸಿ ನಮ್ಮ ಮೈಸೂರಿನದೇ, 1962ರಿಂದ ಇಡೀ ದೇಶದ ಬೆರಳಿಗೆ ಹತ್ತುತ್ತಿದೆ. ನನ್ನ ಬೆರಳು ನೋಡಿ ಅಂದಳು: "ನಿಮ್ ತಾತ ಗೌಡ್ರ ಎದ್ರಿಗೆ ಕೆರ ಮೆಟ್ದೋನಲ್ಲ. ಓಟಿನ ದಿನ ಒಂದಿನ ಅವ್ರ ಸಾಲಲ್ಲೇ, ಅವ್ರಿಗಿಂತ ಮುಂದೆ ನಿಂತಿದ್ನಂತೆ. ಅದ ಸಾಯೋಗಂಟ ಯೋಳ್ಕಂಡ್ ತಿರುಗ್ದ. ನೀನು ಓದಿರೋನು, ನಿಂಗೆ ಬ್ಯಾಡ್ವಾಯ್ತು."

ನಾನು ಎದ್ದು ಕೂತೆ. ಅಷ್ಟು ಹೊತ್ತಿಗೆ ಬೂತು ಮುಚ್ಚಿತ್ತು.

ಆಮೇಲೆ ಬಂದ ಗ್ರಾಮಸಭೆಗೆ ನಾನೂ ಅವಳೂ ಹೋದೆವು. ಸುಮಾರು ಮೂವತ್ತು ಜನ, ಅದರಲ್ಲಿ ಕೇರಿಯವರು ಏಳು. ಚರಂಡಿ ಅಂದಳು. ಪಿಡಿಓ ತಲೆ ಎತ್ತದೆ ಏನೋ ಗೀಚಿ, ಪುಸ್ತಕ ಮುಚ್ಚಲು ಹೋದರು.

"ಏನ್ ಬರ್ಕಂಡ್ರಿ ಸಾಮಿ, ವಸಿ ಓದೇಳಿ" ಅಂದಳು ಅವ್ವ.