ಮರೆಯದಿರುವುದೂ ಒಂದು ವ್ರತ

ವೈಶಾಖ ಶುದ್ಧ ತದಿಗೆಯಂದು ಅಕ್ಷಯ ತೃತೀಯೆಯನ್ನು ಆಚರಿಸುವ ನಮಗೆ ಆದಿನಾಥ ಸ್ವಾಮಿಯ ಪ್ರಥಮ ಪಾರಣೆಯ ಕಥೆ ಹೊಸದಲ್ಲ. ಆರು ತಿಂಗಳ ಉಪವಾಸದ ನಂತರ ಚರಿಗೆಗೆ ಹೊರಟ ಸ್ವಾಮಿಯ ಮುಂದೆ ಜನರು ರತ್ನಗಳನ್ನು ತಂದರು, ಆನೆ ಕುದುರೆಗಳನ್ನು ತಂದರು. ಆಹಾರವನ್ನು ಕೊಡುವ ವಿಧಿ ಒಬ್ಬರಿಗೂ ತಿಳಿಯದು. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯುಂಟಾಗಿ, ಅವನು ಕಬ್ಬಿನ ರಸವನ್ನು ನೀಡಿದನು. ಆ ಜನರಲ್ಲಿ ಭಕ್ತಿಯ ಕೊರತೆಯಿರಲಿಲ್ಲ. ಪಡೆಯುವವನಿಗೆ ಬೇಕಾದುದೇನೆಂಬ ಅರಿವಿನ ಕೊರತೆಯಿತ್ತು.

ಈ ಪರ್ವವು ಬರುವುದು ಶಾಲೆಗಳ ಬೇಸಿಗೆಯ ರಜೆಯಲ್ಲಿ. ತಂದೆತಾಯಿಗಳಿಲ್ಲದ ವಿಕಲಾಂಗ ಮಕ್ಕಳಿಗೆ ರಜೆಯೆಂದರೆ ಊರಿಗೆ ಹೋಗುವ ಸಂಭ್ರಮವಲ್ಲ. ಜೊತೆಯವರು ಹೋದ ಮೇಲೆ ಬರಿದಾದ ವಸತಿಗೃಹ. ಅಂಥವರಿಗಾಗಿ ನಡೆಯುವ ಶಿಬಿರಕ್ಕೆ ಹೊರಟ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ತರುಣನೊಬ್ಬನು ಕೇಳಬಹುದು: ಹತ್ತು ದಿನಗಳ ಈ ಸೇವೆ ತಪವೆನಿಸುವುದೇ?

ಉಮಾಸ್ವಾಮಿಗಳು ತಪವನ್ನು ಹನ್ನೆರಡು ವಿಧವಾಗಿ ವಿಂಗಡಿಸಿದ್ದಾರೆ. ಆರು ಬಾಹ್ಯ ತಪಗಳಲ್ಲಿ ಉಪವಾಸವು ಮೊದಲನೆಯದು. ಆರು ಅಂತರಂಗ ತಪಗಳಲ್ಲಿ ವೈಯಾವೃತ್ಯವು, ಎಂದರೆ ಸೇವೆಯು, ಮೂರನೆಯದು. ಶಾಸ್ತ್ರದ ಮಾತಿನಲ್ಲಿ ವೈಯಾವೃತ್ಯವು ಮುಖ್ಯವಾಗಿ ತ್ಯಾಗಿಗಳ ಸೇವೆಯೆಂಬುದು ನಿಜ. ಆದರೆ ದುಃಖಿಗಳಿಗೆ ಸಲ್ಲುವ ದಯಾದತ್ತಿಯನ್ನೂ ಜಿನಸೇನಾಚಾರ್ಯರು ಹೇಳಿದ್ದಾರೆ. ಆದುದರಿಂದ ಸೇವೆಯ ಯೋಗ್ಯತೆಯ ವಿಷಯದಲ್ಲಿ ಸಂಶಯವಿಲ್ಲ. ಸಂಶಯವಿರುವುದು ಆ ಹತ್ತು ದಿನಗಳ ವಿಷಯದಲ್ಲಿ.

ಉಪವಾಸವನ್ನು ನಡುವೆ ಬಿಟ್ಟರೆ ಹಾನಿಯಾಗುವುದು ಬಿಟ್ಟವನಿಗೆ. ಆದರೆ ಒಮ್ಮೆ ತನ್ನವರನ್ನು ಕಳೆದುಕೊಂಡ ಮಗುವು ಹತ್ತು ದಿನ ನಮ್ಮ ಕೈ ಹಿಡಿದು, ಹನ್ನೊಂದನೆಯ ದಿನ ಆ ಕೈಯನ್ನೂ ಕಳೆದುಕೊಂಡರೆ ನೋವು ಯಾರದು? ನಮ್ಮ ಪುಣ್ಯಸಂಚಯಕ್ಕೆ ಮಗುವೊಂದು ಸಾಧನವಾಯಿತೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಇಲ್ಲಿ ಸಮಂತಭದ್ರಾಚಾರ್ಯರ ವಿವೇಚನೆ ನೆರವಿಗೆ ಬರುತ್ತದೆ. ಕಾಲಮಿತಿಯುಳ್ಳ ತ್ಯಾಗವು ನಿಯಮ, ಆಜೀವ ತ್ಯಾಗವು ಯಮ. ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಅದು ವೀರಶೈವ ಪರಂಪರೆಯದು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಅವರ ಶಿಷ್ಯರಾದ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ದೇಹವಿಡುವವರೆಗೆ ಅಂಧರಿಗೂ ಅನಾಥರಿಗೂ ಅನ್ನವನ್ನಿತ್ತು ಸಂಗೀತವನ್ನು ಕಲಿಸಿದರು. ಅದು ಯಮ. ನಮ್ಮ ತರುಣನದು ನಿಯಮ. ನಿಯಮವು ಕೀಳಲ್ಲ, ಅದನ್ನು ಯಮವೆಂದು ನಂಬಿಸುವುದು ಮಾತ್ರ ಅಸತ್ಯ. ಹೊರಡುವ ದಿನವನ್ನು ಬಂದ ದಿನವೇ ಮಗುವಿಗೆ ತಿಳಿಸಬೇಕು. ಬರಲಾಗದವನು 'ಮತ್ತೆ ಬರುತ್ತೇನೆ' ಎನ್ನಬಾರದು.

ವ್ರತವಿದ್ದಲ್ಲಿ ಅತಿಚಾರಗಳ ಎಚ್ಚರವೂ ಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವು ಒಂದು. ಭಾಷಣ ಮುಗಿಯಲಿ, ಭಾವಚಿತ್ರ ತೆಗೆಯಲಿ ಎಂದು ಹಸಿದ ಮಕ್ಕಳನ್ನು ಎಲೆಯ ಮುಂದೆ ಕಾಯಿಸುವುದು ಇನ್ನೇನು? 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯಿದೆಯು ಇಪ್ಪತ್ತೊಂದನ್ನು ಹೆಸರಿಸಿದೆ. ಕಿವಿ ಕೇಳದವನಿಗೆ ಬೇಕಾದುದು ಒಂದು, ನಡೆಯಲಾರದವನಿಗೆ ಬೇಕಾದುದು ಇನ್ನೊಂದು. ಕೇಳಿ ತಿಳಿಯದೆ ಕೊಡಹೊರಟರೆ ನಾವೂ ಹಸಿದವನೆದುರು ರತ್ನಗಳನ್ನು ಹಿಡಿದು ನಿಂತವರೇ.

ಸಮಂತಭದ್ರರು ವೈಯಾವೃತ್ಯಕ್ಕೆ ಹೇಳಿದ ಐದು ದೋಷಗಳಲ್ಲಿ ಅನಾದರವೂ ಅಸ್ಮರಣವೂ ಸೇರಿವೆ. ಅಸ್ಮರಣವೆಂದರೆ ಮರೆವು. ಸವದತ್ತಿಯು ಹಿಂದಿನ ಸುಗಂಧವರ್ತಿ. ರಟ್ಟರ ಶಾಂತಿವರ್ಮನು 980ರಲ್ಲಿ ಅಲ್ಲಿಯ ಬಸದಿಗೆ ಭೂಮಿಯನ್ನು ಬಿಟ್ಟುದನ್ನು ಶಾಸನವು ಸಾರುತ್ತದೆ. ಕೊಟ್ಟವನು ಮರೆತರೂ ದಾನವು ವರ್ಷವರ್ಷವೂ ಸಲ್ಲಬೇಕೆಂಬುದೇ ಭೂದಾನದ ತಾತ್ಪರ್ಯ. ಭೂಮಿಯಿಲ್ಲದ ನಮ್ಮ ತರುಣನು ಪ್ರತಿ ಚತುರ್ದಶಿಯ ಉಪವಾಸದ ದಿನ ಆ ಮಗುವಿಗೆ ಒಂದು ಕಾಗದವನ್ನು ಬರೆಯಬಹುದು. ಓದಲಾರದ ಮಗುವಿಗೆ ಮೇಲ್ವಿಚಾರಕರು ಓದಿ ಹೇಳುವರು. ಮುಂದಿನ ಬೇಸಿಗೆಯಲ್ಲಿ ಆ ಮಗುವಿನ ಹೆಸರನ್ನು ಯಾರನ್ನೂ ಕೇಳದೆ ಕರೆಯುವಂತಿರಬೇಕು.

ಸ್ಮರಣೆಯುಂಟಾದುದರಿಂದ ಶ್ರೇಯಾಂಸನಿಗೆ ದಾನವು ಸಾಧ್ಯವಾಯಿತು. ದಾನವು ಮುಗಿದ ಮೇಲೆಯೂ ಸ್ಮರಣೆಯು ಉಳಿದರೆ, ಹತ್ತು ದಿನಗಳ ಆ ಸೇವೆಯನ್ನು ತಪವೆನ್ನಲು ಅಡ್ಡಿಯಿಲ್ಲ.