ಇಂದಿನ ಧಮ್ಮ ಚಿಂತನೆ: ಎರಡು ಬಾಣ, ಒಂದು ಗುಳಿಗೆ

 

ಧಮ್ಮ ಬಂಧುಗಳೇ, ಇವತ್ತು ನನ್ನದೇ ಒಂದು ತಪ್ಪನ್ನು ತಿದ್ದಿಕೊಳ್ಳುವುದಿದೆ.

ಧ್ಯಾನಕ್ಕೆ ಕುಳಿತರೆ ಮೆದುಳಿನಲ್ಲಿ ಎಂಡಾರ್ಫಿನ್ ಉಕ್ಕಿ ನೋವು ತಾನಾಗಿ ಇಳಿಯುತ್ತದೆ ಎಂದು ಹೋದ ವಾರ ಬರೆದಿದ್ದೆ. ಮೊನ್ನೆ ನಮ್ಮ ಬಳಗದ ಹಿರಿಯ ಅಕ್ಕನವರೊಬ್ಬರು ಸಿಕ್ಕು, "ಸರ, ನೀವು ಬರದಿದ್ದು ಓದಿ ನಾಕು ದಿನ ಮೊಣಕಾಲಿನ ಗುಳಿಗಿ ಬಿಟ್ಟೇನ್ರಿ. ನೋವು ಹಂಗ ಐತಿ. ನನ್ನ ಧ್ಯಾನದಾಗ ಏನರ ತಪ್ಪೈತೇನ್ರಿ?" ಅಂದರು. ತಪ್ಪು ಇದ್ದದ್ದು ನನ್ನ ಬರಹದಲ್ಲಿ.

ಎಂಡಾರ್ಫಿನ್ ಇರುವುದು ನಿಜ. ನಮ್ಮ ಕಡೆಯ ಹೋರಿ ಹಬ್ಬವನ್ನೇ ನೋಡಿ. ಕೊಬ್ಬರಿ ಹಾರ ಹರಿಯುವ ಭರದಲ್ಲಿ ಬಿದ್ದ ಹುಡುಗನಿಗೆ ಮೊಣಕೈ ಕಿತ್ತುಹೋದದ್ದು ಗೊತ್ತಾಗುವುದು ಮನೆಗೆ ಬಂದ ಮೇಲೆ. ಗಾಯದ ಸುದ್ದಿ ನರಗಳಿಂದ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಏರಬೇಕು. ಅಂಥ ಹೊತ್ತಿನಲ್ಲಿ ಮೆದುಳು ಕೆಳಕ್ಕೆ ಸಂದೇಶ ಕಳಿಸಿ, ಬೆನ್ನುಹುರಿಯಲ್ಲೇ ಆ ಸುದ್ದಿಯನ್ನು ತಗ್ಗಿಸುತ್ತದೆ. ಈ ಕೆಲಸಕ್ಕೆ ಬರುವ ರಾಸಾಯನಿಕಗಳು ನರಕೋಶದ ಮೇಲೆ ಮಾರ್ಫಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತವೆ. ಅಂಥ ಎರಡನ್ನು 1975ರಲ್ಲಿ ಸ್ಕಾಟ್ಲೆಂಡಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಹಂದಿಯ ಮೆದುಳಿನಲ್ಲಿ ಗುರುತಿಸಿದರು.

ಧ್ಯಾನದ್ದೂ ಇದೇ ದಾರಿ ಎಂದು ನಾನು ನಂಬಿದ್ದೆ. 2016ರಲ್ಲಿ ಅಮೆರಿಕದ ಫಾದೆಲ್ ಝೈದಾನ್ ತಂಡದವರು ಪರೀಕ್ಷಿಸಿ ನೋಡಿದ್ದಾರೆ. ಉಸಿರಿನ ಧ್ಯಾನ ಕಲಿತವರಿಗೆ ನೋವಾಗುವಷ್ಟು ಬಿಸಿ ತಾಗಿಸಿ, ಮಾರ್ಫಿನ್ ಕೂರುವ ಜಾಗವನ್ನು ಮುಚ್ಚಿಬಿಡುವ ನಲಾಕ್ಸೋನ್ ಕೊಟ್ಟರು. ಆದರೂ ಧ್ಯಾನದಿಂದ ಸಿಕ್ಕ ಉಪಶಮನ ಹಾಗೇ ಉಳಿಯಿತು. ಅಂದರೆ ಧ್ಯಾನದ ದಾರಿ ಬೇರೆ ಇದ್ದಂತಿದೆ.

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಮಾತು ಹೇಳುತ್ತಾರೆ. ಮೈಯ ನೋವು ಮೊದಲನೆಯದು. ಆ ನೋವಿಗಾಗಿ ಕೊರಗುವುದು, ಎದೆ ಬಡಿದುಕೊಳ್ಳುವುದು ಎರಡನೆಯದು. ಅರಿತ ಶ್ರಾವಕನಿಗೆ ಎರಡನೆಯದು ನಾಟುವುದಿಲ್ಲ. ಮೊದಲನೆಯದು ಅವನಿಗೂ ನಾಟುತ್ತದೆ. ನಾನು ಈ ಅರ್ಧವನ್ನು ಮರೆತು ಬರೆದಿದ್ದೆ. "ನನ್ನ ಧ್ಯಾನದಾಗ ತಪ್ಪೈತೇನ್ರಿ" ಎಂಬ ಅಕ್ಕನವರ ಅಳುಕೇ ಎರಡನೆಯ ಬಾಣ. ಬಿಟ್ಟವನು ನಾನು.

ಭಗವಾನರಿಗೂ ಬೆನ್ನು ನೋಯುತ್ತಿತ್ತು. ಸಂಗೀತಿ ಸುತ್ತದಲ್ಲಿ ಅದನ್ನು ಮುಚ್ಚಿಡದೆ ಹೇಳಿ, ಉಪದೇಶ ಮುಂದುವರಿಸಲು ಸಾರಿಪುತ್ತರಿಗೆ ತಿಳಿಸಿ, ಚೀವರ ಹಾಸಿಕೊಂಡು ಬಲಮಗ್ಗುಲಾಗಿ ಮಲಗುತ್ತಾರೆ.

ಅಕ್ಕನವರು ನಿನ್ನೆಯಿಂದ ಗುಳಿಗೆ ಮತ್ತೆ ಶುರು ಮಾಡಿದ್ದಾರೆ. ಧ್ಯಾನವನ್ನೂ ಬಿಟ್ಟಿಲ್ಲ. ಭಾನುವಾರ ಬೇಗ ಬರುವವರು ಅವರಿಗೊಂದು ಕುರ್ಚಿ ಹಾಕಿಡಿ.

ಸಾಧು, ಸಾಧು, ಸಾಧು.